ಜ್ಯಾಕ್ ಇಳಿಸುವ ಮೊದಲು

“ಹಲೋ... ಹಾಂ, ಗಾಲಿ ಅಂಗಡಿನೇ. ಯಾರು ಮಾತಾಡ್ತಿರೋದು?...”

“ಪರವಾಗಿಲ್ಲ ಬಿಡಿ, ಹೆಸರು ಆಮೇಲೆ ಹೇಳೀರಂತೆ. ಯಾವ ಕಾರು?... ಸ್ಪೋರ್ಟ್ಸ್ ಸೆಡಾನು. ತಗ್ಗಿಸಿದ್ದೀರಾ?... ಎಷ್ಟು?... ನಾಲ್ಕು ಸೆಂಟಿಮೀಟರ್. ಅಬ್ಬಾ, ನೆಲ ನೆಕ್ಕೋ ಹಾಗಿದೆ ಅನ್ನಿ...”

ಸುತ್ತಮುತ್ತಲಿನವರಿಗೆಲ್ಲ ಟೈರಕ್ಕ ಎಂದೇ ಗೊತ್ತಿದ್ದ ಅವಳು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಗಾಲಿಯ ನಟ್ಟು ಬಿಗಿಯುತ್ತಲೇ ಮಾತಾಡುತ್ತಿದ್ದಳು. ಆ ಕಡೆಯವರು ತಮ್ಮ ಮಾತಿಗೆ ತಾವೇ ಮೊದಲು ನಕ್ಕರು, ಮೂಗಿನಿಂದ ಸೊರ್ರೆಂದು ಉಸಿರೆಳೆದುಕೊಂಡರು, ಆಮೇಲೆ ಮಾತು ಮುಂದುವರಿಸಿದರು. ಅವಳ ಕೈಯಲ್ಲಿದ್ದ ಸ್ಪ್ಯಾನರು ನಿಂತುಬಿಟ್ಟಿತು. ಆ ನಗುವನ್ನು ಅವಳು ಕೇಳಿ ಹದಿನಾಲ್ಕು ವರ್ಷವಾಗಿತ್ತು, ಮರೆತಿರಲಿಲ್ಲ. ಅದು ಅವಳ ಚಿಕ್ಕಪ್ಪನ ನಗು. ಅವರಿಗೆ ಮಾತ್ರ ಇವಳ ಗುರುತು ಹತ್ತಲಿಲ್ಲ. ಅವರು ಕಡೆಯ ಸಲ ಕೇಳಿದ್ದು ಹದಿನಾರು ವರ್ಷದ ಹುಡುಗಿಯೊಬ್ಬಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬಿಕ್ಕುವುದನ್ನು.

“ಇಲ್ಲ ಇಲ್ಲ, ಕೇಳಿಸ್ತಿದೆ ಹೇಳಿ ಸಾರ್... ಹಾಂ... ಮೂರು ಕಡೆ ವಿಚಾರಿಸಿದ್ರಾ? ಮೂವರೂ ನಮ್ಮ ಅಂಗಡೀನೇ ತೋರಿಸಿದ್ರಾ. ಸಂತೋಷ. ಈಗ ಯಾವ ಗಾಲಿ ಇದೆ ಅದರಲ್ಲಿ?... ಹದಿನೆಂಟು ಇಂಚು, ಅಗಲ ಎಂಟು. ಆಫ್‌ಸೆಟ್ಟು?... ಗೊತ್ತಿಲ್ವಾ. ಗಾಲಿ ಒಳಮೈಯಲ್ಲಿ ಅಚ್ಚು ಹಾಕಿರ್ತಾರೆ, ಬಗ್ಗಿ ನೋಡಿ... ಬೆನ್ನು ನೋವಾ. ನಿಧಾನಕ್ಕೆ ಬಗ್ಗಿ ಸಾರ್, ನನಗೇನೂ ಅವಸರ ಇಲ್ಲ...”

“ನಲವತ್ತೈದು. ಸರಿ. ಒಂದು ವಿಷಯ ತಿಳ್ಕೊಳ್ಳಿ, ಗಾಲಿಗೆ ಮೂರು ಅಂಕಿ ಇರುತ್ತೆ. ಎತ್ತರ ಒಂದು, ಅಗಲ ಒಂದು, ಮೂರನೇದು ಈ ಆಫ್‌ಸೆಟ್ಟು. ಗಾಲಿ ಎಷ್ಟು ಒಳಗೆ ಕೂರುತ್ತೆ, ಎಷ್ಟು ಹೊರಗೆ ಬರುತ್ತೆ ಅನ್ನೋದು ಅದರ ಮೇಲೆ ನಿಂತಿದೆ. ಅದೊಂದು ಗೊತ್ತಿಲ್ದೆ ಉಳಿದೆರಡು ಗೊತ್ತಿದ್ರೆ ಏನೂ ಪ್ರಯೋಜನ ಇಲ್ಲ... ಅರ್ಥ ಆಯ್ತಲ್ವಾ. ಈಗ ನಿಮಗೆ ಯಾವುದು ಬೇಕು?... ಹತ್ತೊಂಬತ್ತು ಇಂಚು, ಅಗಲ ಒಂಬತ್ತೂವರೆ, ಆಫ್‌ಸೆಟ್ಟು ಇಪ್ಪತ್ತೆರಡು. ಯಾರು ಹೇಳಿದ್ದು ಇದನ್ನ?... ಫೋಟೋದಲ್ಲಿ ನೋಡಿದ್ದಾ... ಒಂದ್ನಿಮಿಷ ಇರಿ ಸಾರ್.”

ಅವಳು ಫೋನನ್ನು ಎದೆಗೊತ್ತಿ ಹಿಡಿದುಕೊಂಡಳು. ಹಾಕಿಸಿಕೊಳ್ಳಿ, ಭರ್ಜರಿಯಾಗಿ ಕೂರುತ್ತೆ ಎಂದುಬಿಟ್ಟರೆ ಸಾಕಿತ್ತು. ಗಾಲಿ ಈಗಿರುವುದಕ್ಕಿಂತ ನಾಲ್ಕು ಸೆಂಟಿಮೀಟರಿಗೂ ಹೆಚ್ಚು ಹೊರಗೆ ಬರುತ್ತಿತ್ತು, ಮೊದಲನೇ ಗುಂಡಿಗೇ ಮಡ್‌ಗಾರ್ಡಿನ ಅಂಚು ಟೈರಿನ ಸಿಪ್ಪೆ ಸುಲಿಯುತ್ತಿತ್ತು. ಆದರೆ ಟೈರು ಒಡೆಯುವ ಹೊತ್ತಿಗೆ ಆ ಕಾರಿನಲ್ಲಿ ಯಾರಿರುತ್ತಾರೋ, ಎದುರಿಗೆ ಯಾರು ಬರುತ್ತಾರೋ. ಅಲ್ಲದೆ ಕಾರು ಹಾಳಾದರೆ ಅವಳ ಹೊಟ್ಟೆ ತಣ್ಣಗಾಗುತ್ತಿರಲಿಲ್ಲ. ಅವಳು ಅಂಗಡಿಯ ಮೂಲೆಯತ್ತ ನೋಡಿದಳು. ಅಲ್ಲಿ ಅಪ್ಪ ಸ್ಟೂಲಿನ ಮೇಲೆ ಕೂತು, ಗಾಲಿಯ ತೂಕ ಸರಿದೂಗಿಸುವ ಸೀಸದ ತುಣುಕುಗಳನ್ನು ಎಡಗೈಯಲ್ಲಿ ಆರಿಸಿ ಡಬ್ಬಿಗಳಿಗೆ ಹಾಕುತ್ತಿದ್ದರು. ಬಲಗೈ ಎಂದಿನಂತೆ ಜೇಬಿನಲ್ಲಿತ್ತು.

ಒಂದು ಕಾಲಕ್ಕೆ ಅಪ್ಪನಿಗೂ ಚಿಕ್ಕಪ್ಪನಿಗೂ ಒಂದೇ ಅಂಗಡಿ. ಕೆಲಸವೆಲ್ಲ ಅಪ್ಪನದು, ಮಾತೆಲ್ಲ ಚಿಕ್ಕಪ್ಪನದು. ಆ ಅಂಗಡಿಯಲ್ಲಿ ಒಂದು ಕಟ್ಟಳೆಯಿತ್ತು. ಎತ್ತಿದ ಕಾರನ್ನು ಇಳಿಸುವ ಮೊದಲು ಜ್ಯಾಕಿನ ಹಿಡಿ ಹಿಡಿದವರು “ಕೈ” ಎಂದು ಕೂಗಬೇಕು, ಗಾಲಿಯ ಹತ್ತಿರ ಇರುವವರು “ತೆಗೆದೆ” ಎನ್ನಬೇಕು. ಆ ಉತ್ತರ ಬರುವ ತನಕ ಹಿಡಿ ತಿರುಗಿಸುವ ಹಾಗಿಲ್ಲ. ಒಂದು ಮಧ್ಯಾಹ್ನ ಅಪ್ಪ ಹೀಗೇ ತಗ್ಗಿಸಿದ ಕಾರೊಂದರ ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ಅಳೆಯಲು ಗಾಲಿಯ ಮೇಲೆ ಜೇಡಿಮಣ್ಣಿನ ಉಂಡೆ ಕೂರಿಸುತ್ತಿದ್ದರು. ಗಿರಾಕಿಯ ಜೊತೆ ಹರಟೆಗೆ ನಿಂತಿದ್ದ ಚಿಕ್ಕಪ್ಪ ಹಿಡಿ ತಿರುಗಿಸಿದರು. ಅಪ್ಪನ ಬಲಗೈಯ ಮೂರು ಬೆರಳು ಹೋದವು.

“ನಾನು ಕೈ ಅಂದೆ, ಅಣ್ಣ ತೆಗೆದೆ ಅಂದ, ಇಳಿಸಿದೆ” ಎಂದು ಚಿಕ್ಕಪ್ಪ ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗಿದರು. ನೆಂಟರಿಷ್ಟರು ನಂಬಿದರು, ಗಿರಾಕಿಗಳು ನಂಬಿದರು. ಕೊನೆಗೆ ಅಪ್ಪನೂ ಅರ್ಧ ನಂಬಿಬಿಟ್ಟರು. ದಿನಕ್ಕೆ ನಲವತ್ತು ಸಲ ಆಡುವ ಮಾತು, ಅಭ್ಯಾಸಕ್ಕೆ ಬಾಯಿಗೆ ಬಂದಿದ್ದರೂ ಬಂದಿರಬಹುದು ಎಂದು ಒಬ್ಬರೇ ಗೊಣಗಿಕೊಳ್ಳುತ್ತಿದ್ದರು. ಬೆರಳು ಹೋದದ್ದನ್ನು ಅವಳು ಹೇಗೋ ಸಹಿಸಿಕೊಂಡಿದ್ದಳು. ಆ ಗೊಣಗಾಟವನ್ನು ಸಹಿಸಿಕೊಂಡಿರಲಿಲ್ಲ.

“ಹಾಂ ಸಾರ್, ಇದ್ದೀನಿ. ಆ ಫೋಟೋ ಮರೆತುಬಿಡಿ, ಅದು ನಿಮ್ಮ ಕಾರಿಗೆ ಆಗಲ್ಲ. ಟೈರು ಅಂಚಿಗೆ ತಾಗುತ್ತೆ... ಯಾವುದು ಆಗುತ್ತೆ ಅಂತ ಬಾಯಿಮಾತಲ್ಲಿ ಹೇಳೋಕೆ ಬರಲ್ಲ ಸಾರ್, ಅಳತೆ ಬೇಕು. ಕಾರು ಇಲ್ಲಿಗೆ ತನ್ನಿ... ಹಾಂ, ದಿಬ್ಬದಲ್ಲಿ ಹೊಟ್ಟೆ ತಾಗುತ್ತಾ. ಅದೂ ನಿಜ... ಭಾನುವಾರ ಪ್ರದರ್ಶನನಾ? ಅಷ್ಟೊಂದು ಕಾರಿನವರು ಸೇರೋ ಕಡೆ ಹಳೇ ಗಾಲೀಲಿ ಹೋದ್ರೆ ಮಾನ ಹೋಗುತ್ತೆ, ಅಲ್ವಾ?... ಹಾಗಾದ್ರೆ ಒಂದು ಕೆಲಸ ಮಾಡಿ. ಮನೇಲಿ ಜ್ಯಾಕ್ ಇದ್ಯಾ?... ಉದ್ದ ಹಿಡಿದಾ, ತಿರುಗಿಸಿದ್ರೆ ಇಳಿಯೋದು? ಅದೇ ಬೇಕಾಗಿದ್ದು. ಜೊತೆಗೆ ಯಾರಿದ್ದಾರೆ?... ನಿಮ್ಮ ಬಾಮೈದರು. ಒಳ್ಳೇದಾಯ್ತು, ಕರೀರಿ ಅವರನ್ನ.”

“ನೆಲದ ಮೇಲೆ ನಿಂತಿರುವಾಗ ಟೈರಿಗೂ ಮೇಲಿನ ಅಂಚಿಗೂ ಎಷ್ಟು ಸಂದಿದೆ ನೋಡಿ. ಬೆರಳು ಹೋಗುತ್ತಾ?... ಹೋಗಲ್ಲ. ಪೆನ್ಸಿಲ್ಲು?... ಅದೂ ಕಷ್ಟ. ಹಾಂ, ಅಷ್ಟು ಬಿಗಿ ಇದ್ರೆ ಸ್ಕೇಲು ಹಿಡಿಯೋಕಾಗಲ್ಲ, ಉಂಡೆ ಇಡಬೇಕು. ಜೇಡಿಮಣ್ಣು ಇದ್ಯಾ?... ಅಡುಗೆಮನೇಲಿ ಕಲಸಿದ ಹಿಟ್ಟಾದ್ರೂ ಇದ್ಯಾ ಕೇಳಿ... ಬೈದ್ರೆ ಬೈಸ್ಕೊಳ್ಳಿ ಸಾರ್, ಒಂದು ನಿಂಬೆಹಣ್ಣಿನಷ್ಟು ಸಾಕು. ಕಾರು ಎತ್ತೋದು, ಗಾಲಿ ಮೇಲೆ ಉಂಡೆ ಇಡೋದು, ಇಳಿಸೋದು. ಹಿಟ್ಟು ಎಷ್ಟು ದಪ್ಪಕ್ಕೆ ಚಪ್ಪಟೆ ಆಯ್ತೋ ಅಷ್ಟೇ ನಮ್ಮ ಸಂದು...”

“ಫೋನು ಸ್ಪೀಕರಿಗೆ ಹಾಕಿ ಬಾನೆಟ್ ಮೇಲಿಡಿ, ಇಬ್ಬರಿಗೂ ಕೇಳಿಸ್ಬೇಕು... ನಮಸ್ಕಾರ ಬಾಮೈದರೇ. ನೀವು ಜ್ಯಾಕ್ ಹಿಡೀರಿ. ಎತ್ತಿ... ಇನ್ನೂ ಸ್ವಲ್ಪ... ಆಯ್ತಾ?...”

ಅವಳೂ ತನ್ನ ಫೋನನ್ನು ಸ್ಪೀಕರಿಗೆ ಹಾಕಿ, ಅಪ್ಪನ ಪಕ್ಕದ ಟೈರುಗಳ ಅಟ್ಟಿಯ ಮೇಲೆ ತಂದಿಟ್ಟಳು. ಮೂಗಿನ ಆ ಸೊರ್ರೆನ್ನುವ ಸದ್ದು ಅಂಗಡಿಯಲ್ಲಿ ಕೇಳಿಸಿದ್ದೇ ತಡ, ಅಪ್ಪನ ಎಡಗೈಯಿಂದ ಸೀಸದ ತುಣುಕೊಂದು ಜಾರಿತು. ಅವರು ಮಗಳ ಮುಖ ನೋಡಿದರು. ಅವಳು ತುಟಿಯ ಮೇಲೆ ಬೆರಳಿಟ್ಟಳು.

“ಈಗ ಉಂಡೆ ಇಡಿ ಸಾರ್... ಉರುಳ್ತಿದ್ಯಾ? ಹಾಗಾದ್ರೆ ಬಿಡಬೇಡಿ, ಬೆರಳಲ್ಲಿ ಅದುಮಿ ಹಿಡ್ಕೊಳ್ಳಿ... ಯಾವ ಕೈ?... ಬಲಗೈ. ಸರಿಯಾಗಿದೆ. ಮೂರು ಬೆರಳು ಇಡಿ, ಚೆನ್ನಾಗಿ ಒಳಗೆ ಹೋಗ್ಲಿ... ಹಾಂ... ಬಾಮೈದರೇ, ನೀವು ಹಿಡಿ ಮೇಲೆ ಕೈ ಇಟ್ಕೊಂಡು ಕಾಯಿರಿ. ನಾನು ಇಳಿಸಿ ಅಂದ ತಕ್ಷಣ ಒಂದೇ ಸಲಕ್ಕೆ ತಿರುಗಿಸ್ಬೇಕು. ಹಿಂದುಮುಂದು ನೋಡಬಾರದು, ನೋಡಿದ್ರೆ ಅಳತೆ ಕೆಡುತ್ತೆ... ಸರಿನಾ?...”

“ಇನ್ನೊಂಚೂರು ಒಳಗೆ ಸಾರ್... ಹಾಂ, ಹಾಗೇ ಇರಿ.”

ಇನ್ನು ಒಂದೇ ಒಂದು ಮಾತು ಉಳಿದಿತ್ತು. ಅದು ಅವಳ ನಾಲಿಗೆಯ ಮೇಲಿತ್ತು. ಹದಿನಾಲ್ಕು ವರ್ಷ ಅವಳು ಈ ಗಳಿಗೆಯನ್ನು ಬಗೆಬಗೆಯಾಗಿ ಕನಸು ಕಂಡಿದ್ದಳು, ಆದರೆ ಇಷ್ಟು ಸಲೀಸಾಗಿ ಕೈಗೆ ಬಂದು ಕೂರುತ್ತದೆಂದು ಎಣಿಸಿರಲಿಲ್ಲ. ಇಳಿಸಿ ಎನ್ನಬೇಕು. ಆಮೇಲೆ ಕಂಡಕಂಡವರ ಮುಂದೆ ನಾನು ಕೈ ಅಂದೆ, ಅವರು ತೆಗೆದೆ ಅಂದರು ಎಂದು ಹೇಳಿಕೊಂಡು ತಿರುಗಬೇಕು. ಇಳಿಸಿ ಎನ್ನುತ್ತಿದ್ದಳೋ ಇಲ್ಲವೋ, ಅವಳಿಗೇ ಗೊತ್ತಿಲ್ಲ. ಬಾಯಿ ತೆರೆದದ್ದಂತೂ ನಿಜ.

“ಕೈ!”

ಕೂಗಿದ್ದು ಅಪ್ಪ. ಸ್ಟೂಲಿನಿಂದ ಎದ್ದು, ಫೋನಿನ ಮೇಲೆ ಬಾಗಿ, ಹಳೆಯ ಅಂಗಡಿಯಲ್ಲಿ ಕೂಗುತ್ತಿದ್ದ ಅದೇ ಗಂಟಲಿನಲ್ಲಿ ಕೂಗಿದ್ದರು. ಆ ಕಡೆಯಿಂದ ಉತ್ತರವೂ ಥಟ್ಟನೆ ಬಂತು. ಅವಳು ಫೋನಿನತ್ತ ಬಾಗಿದಳು.

“ಏನಂದ್ರಿ?... ಇಲ್ಲ, ಈಗ ಏನೋ ಅಂದ್ರಲ್ಲ, ಅದನ್ನ ಇನ್ನೊಂದ್ಸಲ ಹೇಳಿ... ತೆಗೆದೆ. ಹಾಂ. ತೆಗೆದೆ ಅಂದ್ರಿ... ಬಾಮೈದರೇ, ನೀವು ಹಿಡಿ ಬಿಟ್ಟು ದೂರ ನಿಂತ್ಕೊಳ್ಳಿ. ಇನ್ನು ಇಳಿಸೋದೇನೂ ಬೇಡ. ಆದರೆ ಎಲ್ಲಿಗೂ ಹೋಗ್ಬೇಡಿ, ನೀವೂ ಕೇಳ್ಬೇಕು...”

“ಯಾರು ಅಂತೀರಾ? ಗಂಟಲು ಗುರುತು ಸಿಗ್ಲಿಲ್ವಾ ಚಿಕ್ಕಪ್ಪ? ಅಷ್ಟು ವರ್ಷ ಒಂದೇ ತಟ್ಟೇಲಿ ಉಂಡವರು... ಹೌದು, ಅಪ್ಪ. ನಾನು ಅವರ ಮಗಳು... ಅಂಗಡಿ ನಂದೇ... ಮೊದಲೇ ಯಾಕೆ ಹೇಳ್ಬೇಕಿತ್ತು? ಹೇಳಿದ್ರೆ ನೀವು ಕೈ ಇಡ್ತಿದ್ರಾ?”

“ಬೆರಳು ಎಣಿಸ್ಕೊಳ್ಳಿ. ಐದೂ ಇದ್ಯಾ?... ಬೈಕೊಳ್ಳಿ ಪರವಾಗಿಲ್ಲ, ಮೊದಲು ಎಣಿಸಿ... ಐದೂ ಇದೆ. ಯಾಕಿದೆ ಅಂತ ಗೊತ್ತಾ? ಯಾರೋ ಒಬ್ಬರು ಕೂಗಿದ್ರು, ಅದಕ್ಕೆ... ಈಗ ನಾನೊಂದು ಕೇಳ್ತೀನಿ. ನೀವು ತೆಗೆದೆ ಅಂದಾಗ ನಿಮ್ಮ ಕೈ ಎಲ್ಲಿತ್ತು?... ಒಳಗಾ ಹೊರಗಾ?... ಹೊರಗಿತ್ತು. ಬಾಯಿ ಮಾತಾಡೋ ಮೊದಲೇ ಕೈ ಆಚೆ ಬಂದಿತ್ತು, ಅಲ್ವಾ? ಆ ಅಂಗಡಿ ಬಿಟ್ಟು ಹದಿನಾಲ್ಕು ವರ್ಷ ಆಯ್ತು ನಿಮಗೆ, ಆದ್ರೂ ಕೈ ಮೊದಲು ಬಂತು, ಮಾತು ಆಮೇಲೆ ಬಂತು. ಕೈ ಒಳಗಿಟ್ಕೊಂಡು ತೆಗೆದೆ ಅನ್ನೋಕೆ ನಿಮ್ಮ ಕೈಲೇ ಆಗ್ಲಿಲ್ಲ. ದಿನಕ್ಕೆ ನಲವತ್ತು ಸಲ ಅಂತಿದ್ದ ಅಪ್ಪನ ಕೈಲಿ ಹೇಗಾಯ್ತು ಚಿಕ್ಕಪ್ಪ?...”

“ಹಳೇದು ಕೆದಕಬೇಡ ಅನ್ನಬೇಡಿ. ನೀವೇ ಊರೆಲ್ಲಾ ಸಾರಿಕೊಂಡು ಬಂದಿದ್ದು, ಆಗ ಹಳೇದಾಗಿರಲಿಲ್ವಾ?... ಬಾಮೈದರು ನಿಂತಿದ್ದಾರೆ ಅಂತ ಸಂಕೋಚನಾ? ಅವರಿಗೂ ನೀವು ಇದೇ ಕಥೆ ಹೇಳಿರ್ತೀರಲ್ವಾ... ಅಣ್ಣ ತೆಗೆದೆ ಅಂದ, ನಾನೇನು ಮಾಡ್ಲಿ ಅಂತ... ಹಾಂ ಬಾಮೈದರೇ, ಕೇಳಿಸ್ತು. ಹತ್ತು ಸಲ ಹೇಳಿದ್ರಾ. ಹನ್ನೊಂದನೇ ಸಲ ಈಗ ನಿಜ ಹೇಳ್ತಾರೆ, ಇರಿ.”

ಅಪ್ಪ ಫೋನಿನ ಪಕ್ಕವೇ ನಿಂತಿದ್ದರು. ಅವಳಿಗೆ ಚಿಕ್ಕಪ್ಪನ ಬಗ್ಗೆ ಅಯ್ಯೋ ಪಾಪ ಎನ್ನಿಸಲಿಲ್ಲ. ಇನ್ನೂ ಒಂದಿಷ್ಟು ಹಿಂಡಬೇಕು ಎನ್ನಿಸಿತು.

“ಅವತ್ತು ಕೈ ಅಂತ ಕೂಗಿದ್ರಾ?... ನೆನಪಿಲ್ವಾ? ಗಿರಾಕಿ ಹಾಕ್ಕೊಂಡಿದ್ದ ಅಂಗಿ ಬಣ್ಣ ಸಮೇತ ಹೇಳ್ತಿದ್ರಂತೆ, ಇದೊಂದು ನೆನಪಿಲ್ವಾ?... ಗದ್ದಲ ಇತ್ತು ಅಂತ ನಾನು ಕೇಳ್ಲಿಲ್ಲ. ಕೂಗಿದ್ರಾ, ಇಲ್ವಾ?... ಅಷ್ಟು ಸಣ್ಣಕ್ಕೆ ಹೇಳಿದ್ರೆ ಆಗಲ್ಲ. ಅಪ್ಪನಿಗೆ ಕೇಳಿಸೋ ಹಾಗೆ ಹೇಳಿ... ಹಾಂ... ಪೂರ್ತಿ ಹೇಳಿ... ಕೂಗಿರಲಿಲ್ಲ.”

ಅಪ್ಪ ಸ್ಟೂಲಿನ ಮೇಲೆ ಕೂತರು. ಬಲಗೈಯನ್ನು ಜೇಬಿನಿಂದ ಆಚೆ ತೆಗೆದು, ಡಬ್ಬಿಗಳ ಪಕ್ಕ ಮೇಜಿನ ಮೇಲೆ ಇಟ್ಟುಕೊಂಡರು. ಉಳಿದ ಎರಡು ಬೆರಳಿನಲ್ಲಿ ಸೀಸದ ತುಣುಕೊಂದನ್ನು ಎತ್ತಿ ನೋಡಿದರು. “ನಾನು ಅಂದಿರಲಿಲ್ಲ ಕಣೇ” ಎಂದರು, ಮಗಳಿಗೆ ಅದೇನೋ ಹೊಸ ಸುದ್ದಿ ಎಂಬಂತೆ. ಆಮೇಲೆ ಫೋನಿನತ್ತ ಗದ್ದ ತೋರಿಸಿ, “ಅವನಿಗೆ ಸೈಜು ಹೇಳು” ಎಂದರು. ಅವಳಿಗೆ ಸಿಟ್ಟು ಬಂತು. ಕಣ್ಣಲ್ಲಿ ನೀರೂ ಬಂತು. ಮೂಗು ಒರೆಸಿಕೊಂಡು ಫೋನು ಎತ್ತಿಕೊಂಡಳು.

“ಅಪ್ಪ ಸೈಜು ಹೇಳು ಅಂತಿದ್ದಾರೆ. ಅವರು ಅಂಥವರು, ನಾನಲ್ಲ. ಪೆನ್ನು ತಗೊಳ್ಳಿ... ಹಿಟ್ಟಾ? ಅದು ಬೇಕಾಗೇ ಇರಲಿಲ್ಲ, ಒಳಗೆ ಕೊಟ್ಟುಬಿಡಿ. ನಿಮ್ಮ ಕಾರಿನಂಥದ್ದೇ ಹೋದ ತಿಂಗಳು ಮೂರು ಮಾಡಿ ಕಳಿಸಿದ್ದೀನಿ, ಅಳತೆ ನನಗೆ ಬಾಯಿಪಾಠ... ಹೌದು, ಬೇಕಂತಲೇ ಇಡಿಸಿದ್ದು...”

“ಬರ್ಕೊಳ್ಳಿ. ಗಾಲಿ ಹತ್ತೊಂಬತ್ತು ಇಂಚು. ಅಗಲ ಎಂಟೂವರೆ. ಟೈರು ಇನ್ನೂರಿಪ್ಪತ್ತೈದು, ಮೂವತ್ತೈದು... ಆಫ್‌ಸೆಟ್ಟಾ? ಅದನ್ನ ಫೋನಲ್ಲಿ ಹೇಳಲ್ಲ. ಅಂಗಡಿಗೆ ಬನ್ನಿ... ಕಾರು ದಿಬ್ಬ ಹತ್ತಲ್ಲ ಅಂದ್ರೆ ನಡ್ಕೊಂಡು ಬನ್ನಿ. ಅಪ್ಪ ಇಲ್ಲೇ ಕೂತಿರ್ತಾರೆ. ಈಗ ಹೇಳಿದ್ರಲ್ಲ, ಅದನ್ನ ಅವರ ಮುಖ ನೋಡ್ಕೊಂಡು, ನಮ್ಮ ಗಿರಾಕಿಗಳೆಲ್ಲ ಇರೋವಾಗ ಇನ್ನೊಂದ್ಸಲ ಹೇಳಿ. ಮೂರನೇ ಅಂಕಿ ಅಪ್ಪನೇ ಹೇಳ್ತಾರೆ... ಇಲ್ಲ, ಬೇರೆ ಕಡೆ ಬೇಕಾದ್ರೆ ಕೇಳ್ಕೊಳ್ಳಿ, ಅವರು ಮತ್ತೆ ಇಲ್ಲಿಗೇ ಕಳಿಸ್ತಾರೆ... ಭಾನುವಾರಕ್ಕೆ ಇನ್ನು ನಾಲ್ಕು ದಿನ ಇದೆ ಚಿಕ್ಕಪ್ಪ. ನಾನು ಹದಿನಾಲ್ಕು ವರ್ಷ ಕಾದಿದ್ದೀನಿ... ಬರ್ತೀರಾ?... ಹಲೋ... ಚಿಕ್ಕಪ್ಪ, ಬರ್ತೀರಾ ಇಲ್ವಾ ಹೇಳಿ... ಹಲೋ...”

ಲೈನು ಕಟ್ಟಾಗಿತ್ತು.