ಹಸಿದ ಒಡಲಿಗೆ ಹೊರಿಸಿದ ಹರಕೆ

ಬೆಣ್ಣೆ ವ್ಯಾಪಾರದ ಒಬ್ಬ ಸಾಹುಕಾರ ಒಂದೂರಲ್ಲಿದ್ದ. ನೋಡಿ, ಅವನ ಹಿತ್ತಿಲಲ್ಲಿ ಹಂಡೆಗಟ್ಟಲೆ ತುಪ್ಪ ಕಾಯುತ್ತಿತ್ತು. ಬೀದಿಗೆಲ್ಲ ಅದರ ಘಮ. ಆದರೆ ಮನೆಯ ತೊಟ್ಟಿಲು ಅಟ್ಟದಿಂದ ಇಳಿದಿರಲಿಲ್ಲ.

ಸಾಹುಕಾರನ ಹೆಂಡತಿ ಕೆಟ್ಟ ಅತ್ತೆಯಲ್ಲ. ಬೀದಿಯವರು ಸೊಸೆಯನ್ನು ಬಂಜೆ ಎಂದಾಗ ಉರಿದದ್ದು ಅವಳ ಹೊಟ್ಟೆಯೇ. ಅದಕ್ಕೇ ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಹೊತ್ತವಳು ಅತ್ತೆ, ಉಪವಾಸ ಕೂತವಳು ಸೊಸೆ. ಉಪವಾಸವಿಲ್ಲದ ದಿನವೂ ಎಲ್ಲರದ್ದೂ ಆದ ಮೇಲೆ, ತಳ ಹಿಡಿದ ಅನ್ನವೇ ಅವಳ ಊಟ. ಹುಡುಗಿ ಒಣಗಿದಳು. ಮುಟ್ಟು ತಿಂಗಳುಗಟ್ಟಲೆ ನಿಂತುಹೋಗುತ್ತಿತ್ತು. ನಿಂತಾಗಲೆಲ್ಲ ಇನ್ನೊಂದು ಹರಕೆ.

ಕೊನೆಗೆ ಅತ್ತೆ ಅವಳನ್ನು ಪಂಡಿತರ ಬಳಿ ಕರೆದೊಯ್ದಳು. ಪಂಡಿತರು ನಾಡಿ ಹಿಡಿದು, ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು.

"ಬೆಳಿಗ್ಗೆಯಿಂದ ಏನು ತಿಂದಿದಾಳೆ?"

"ಇವತ್ತು ಸೋಮವಾರ ಅಲ್ವಾ ಪಂಡಿತರೇ, ಉಪವಾಸ."

"ನಿನ್ನೆ?"

"ನಿನ್ನೆ ಸಂಕಷ್ಟಿ."

"ನಾಳೆ?"

"ನಾಳೆ ಅಮ್ಮನೋರ ವಾರ."

"ಸೌದೆ ಇಡದೆ ಒಲೆಗೆ ಕೈ ಮುಗಿದ್ರೆ ಅನ್ನ ಬೇಯುತ್ತೇನವ್ವಾ?"

ಮಕ್ಕಳಾಗದಿರಲು ಕಾರಣ ನೂರಿರಬಹುದು, ಗಂಡಸಿನಲ್ಲೂ ಇರಬಹುದು. ಮಗನನ್ನೂ ಆಸ್ಪತ್ರೆಯಲ್ಲಿ ತೋರಿಸಿ ಎಂದರು ಪಂಡಿತರು. ಆದರೆ ಇವಳ ಮೈಯಲ್ಲಿ ರಕ್ತವಿಲ್ಲ, ನಿದ್ದೆಯಿಲ್ಲ, ನೆಮ್ಮದಿಯಿಲ್ಲ. ತನಗೇ ಸಾಲದ ಮೈ ಇನ್ನೊಂದು ಜೀವಕ್ಕೆ ಏನು ಎತ್ತಿಟ್ಟೀತು? ರಾಗಿ, ಕಾಳು, ಸೊಪ್ಪು, ತುಪ್ಪ, ಹೊತ್ತಿಗೆ ಸರಿಯಾಗಿ ಕೊಡಿ. ಮುಟ್ಟು ಮತ್ತೆ ತಪ್ಪಿದರೆ ಮೊದಲು ನನಗೆ ತಿಳಿಸಿ. ಇಷ್ಟೇ ಅವರು ಹೇಳಿದ್ದು.

ಮಗನ ವಿಷಯವನ್ನು ಅತ್ತೆ ಮನೆಯಲ್ಲಿ ಎತ್ತಲೇ ಇಲ್ಲ. ಆದರೆ ಸೊಸೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಉಣಿಸಿದಳು. ಹುಡುಗಿಯ ಮುಖಕ್ಕೆ ಬಣ್ಣ ಬಂತು. ಮುಟ್ಟು ತಿಂಗಳಿಗೆ ಸರಿಯಾಗಿ ಬರತೊಡಗಿತು. ಒಂದು ತಿಂಗಳು ಮತ್ತೆ ನಿಂತಿತು.

ಈಗ ಹೇಳಿ, ಯಾಕೆ ನಿಂತಿತು? ನಿಮಗೆ ತಿಳಿಯಿತು. ಅತ್ತೆಗೆ ತಿಳಿಯಲಿಲ್ಲ. ಹರಕೆ ಬಿಟ್ಟದ್ದಕ್ಕೆ ದೇವರು ಮುನಿದ, ಹಳೆಯ ರೋಗ ಮರಳಿತು ಎಂದು ನಡುಗಿದಳು. ಪಂಡಿತರಿಗೆ ಹೇಳಿ ಕಳಿಸಲಿಲ್ಲ. ಸೊಸೆಯನ್ನು ಉಪವಾಸವಿರಿಸಿ, ಉರುಳು ಸೇವೆಗೆಂದು ದೇವಸ್ಥಾನಕ್ಕೆ ಕರೆದೊಯ್ದಳು.

"ಅತ್ತೇ, ಹೊಟ್ಟೆ ತೊಳಸ್ತಿದೆ. ನಾಳೆ ಮಾಡ್ಲಾ?"

"ದೇವರ ಕೆಲಸಕ್ಕೆ ನಾಳೆ ಅನ್ಬಾರ್ದು ಕಣೇ."

ಒದ್ದೆ ಸೀರೆಯಲ್ಲಿ, ತಣ್ಣನೆಯ ಕಲ್ಲಿನ ಮೇಲೆ ಹುಡುಗಿ ಉರುಳಿದಳು. ಗುಡಿಯ ಹಿಂಭಾಗಕ್ಕೆ ಬಂದಾಗ ಉರುಳುವುದು ನಿಂತಿತು. ಕಲ್ಲಿನ ಮೇಲೆ ರಕ್ತವಿತ್ತು. ಎತ್ತಲು ಬಂದವರಲ್ಲಿದ್ದ ಸೂಲಗಿತ್ತಿ ಸೀರೆ ಸರಿಸಿ ನೋಡಿ, ಬಸಿರು ನಿಂತಿತ್ತಲ್ಲವ್ವಾ ಎಂದು ಮೆಲ್ಲಗೆ ಹೇಳಿದಳು.

ಹುಡುಗಿ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವಳು ಅತ್ತೆಯ ಕೈ ಹಿಡಿದು ಕೇಳಿದ್ದು ಒಂದೇ ಮಾತು.

"ಅತ್ತೇ, ಸುತ್ತು ಮುಗೀಲಿಲ್ಲ. ದೇವರಿಗೆ ಸಿಟ್ಟು ಬರುತ್ತಾ?"

ಅತ್ತೆ ತನ್ನ ಸೆರಗನ್ನು ಅವಳ ಒದ್ದೆ ಮೈಗೆ ಹೊದಿಸಿದಳು. ಸಂಜೆಯ ಹೊತ್ತಿಗೆ ಕೇಳಿದವಳೇ ಇರಲಿಲ್ಲ.

ತಾಯಂದಿರೇ, ಅಪ್ಪಂದಿರೇ, ಉತ್ತರ ನೀವು ಕೊಡಿ. ಮಗುವನ್ನು ಕೊಡು ಎಂದು ದೇವರ ಮುಂದೆ ಸೆರಗೊಡ್ಡಿ, ಅದನ್ನು ಹೊರಬೇಕಾದ ಒಡಲನ್ನು ಹಸಿವಿಗೆ ದೂಡಿದರೆ ಅದು ಯಾವ ಭಕ್ತಿ? ಹರಕೆ ಹೊರಬೇಡಿ ಎನ್ನುವುದಿಲ್ಲ. ಹೊತ್ತವರು ನೀವೇ ಉಪವಾಸವಿರಿ. ಸೊಸೆಯ ತಟ್ಟೆ ನೋಡಿ. ಅವಳು ಮೈ ಸರಿಯಿಲ್ಲ ಎಂದರೆ ನಂಬಿ. ವೈದ್ಯರಲ್ಲಿಗೆ ಮಗನನ್ನೂ ಕಳಿಸಿ.

ಇಲ್ಲಿಗೆ ಕಥೆ ಮುಗಿಯಿತು; ಗುಡಿಯ ಹೊರಗೆ ಪ್ರಸಾದದ ಎಲೆ ಹಾಕಿದ್ದಾರೆ. ಇವತ್ತು ಮೊದಲ ಪಂಕ್ತಿ ಸೊಸೆಯಂದಿರದು. ಅತ್ತೆಯಂದಿರೂ ಗಂಡಂದಿರೂ ಎದ್ದು ಬಡಿಸಿ. ತುಪ್ಪವನ್ನು ಕೈ ಬಿಗಿಹಿಡಿಯದೆ ಬಡಿಸಿ.