ಜೀನ್ಸ್ ಅರಿವಿ ಟೆಂಟು

ಆ ಬಾವಿ ದಾಟುವಾಗ ಹುಲುಗೇಶ ಹಿಂದಕ್ಕ ತಿರುಗಿ ನೋಡಲಿಲ್ಲ... ಅಷ್ಟ ಆಗಿದ್ದು ನೋಡ್ರಿ. ಒಂದು ಸಲ ತಿರುಗಿದ್ದರ ನಾನು ಇವತ್ತು ನಿಮಗ ಇದನ್ನ ಹೇಳೋ ಪ್ರಸಂಗನ ಬರತಿರಲಿಲ್ಲ.

ಹುಲುಗೇಶ ಅಂದ್ರ ನಮ್ಮ ಗೋಡಿಗೆ ಗೋಡಿ ಹತ್ತಿದ ಮನ್ಯಾಂವ. ಬಳ್ಳಾರ್ಯಾಗ ಜೀನ್ಸ್ ಹೊಲಿಯೋ ಕೆಲಸ. ಮುಂಜಾನೆ ಮಿಷನ್ ಮುಂದ ಕುಂತರ ಏಳೋದು ದೀಪ ಹಚ್ಚಿದ ಮ್ಯಾಲೆ. ಮನಿಗೆ ಬಂದು ಮಲಗಿದರೂ ಕಾಲು ತಾನ ಮಿಷನ್ ತುಳದಂಗ ಅಲ್ಲಾಡತಿತ್ತು. ಬೆರಳ ತುದಿ ಜಡ್ಡುಗಟ್ಟಿ, ಬಿಸಿ ಚಾದ ಲೋಟಾ ಹಿಡಿದರೂ ಸುಡತಿರಲಿಲ್ಲ ಅವಗ.

ಅವನ ಮಗ ಸಮ್ರಾಟ್. ಎರಡನೇ ಕ್ಲಾಸಿನ ಹುಡುಗ. ಹುರಿಯೋ ಮರಳಾಗಿನ ಮಂಡಾಳು ಅದು, ಒಂದು ಕಡಿ ನಿಂದ್ರೋದ ಇಲ್ಲ. ಬಾಯಿ ಅಂತೂ ನಿದ್ದ್ಯಾಗೂ ಬಡಕೋತಿತ್ತು. ಫೋನಿನಾಗ ಯಾರೋ ಕಾಡಿನಾಗ ಟೆಂಟು ಹಾಕಿ ಮಲಗಿದ್ದು ನೋಡಿದ್ದ. ಅವತ್ತಿಂದ ಒಂದ ರಾಗ.

"ಅಪ್ಪಾ, ನಾವು ಯಾವಾಗ ಹೋಗಾಣ?"

"ಮುಂದಿನ ಐತಾರ."

ಐತಾರ ಬಂದರ ಇನ್ನೊಂದು ಐತಾರ. ಸುಸ್ತಾದ ಮನಷ್ಯಾ, ಏನು ಮಾಡ್ಯಾನು? ಕಡೀಕ ಮಗನ ಮಾರಿ ನೋಡಲಾರದ, ಜೀನ್ಸ್ ಅರಿವಿ ಕಟ್‌ಪೀಸು ತಂದು ಮನ್ಯಾಗ ರಾತ್ರಿ ಕುಂತು ತಾನ ಟೆಂಟು ಹೊಲಿದ.

"ಹಗಲೆಲ್ಲಾ ತುಳದದ್ದು ಸಾಲಲಿಲ್ಲೇನ್ರಿ? ನಿಮಗೇನು ಹುಚ್ಚು ಹಿಡದೈತಿ?" ಅಂದಳು ಹೆಂಡತಿ ನೇತ್ರಾ.

"ಅದು ಸೇಠನ ಕೆಲಸ ಆಗಿತ್ತು," ಅಂದ. "ಇದು ನನ್ನ ಮಗಂದು."

ಕುರುಗೋಡಿನಾಗ ಹುಲುಗೇಶನ ದೊಡ್ಡವ್ವ ಇದಾಳ, ವಿರೂಪಮ್ಮ ಅಂತ. ಬೆಟ್ಟದ ಬುಡಕ್ಕ ಅವಳ ಮೆಣಸಿನಕಾಯಿ ಹೊಲ. ಶನಿವಾರ ಸಂಜಿಗೆ ಅಪ್ಪ ಮಗ ಬೈಕಿನ ಮ್ಯಾಲೆ ಹೋದ್ರು. ರೋಡಿನ ಬಾಜುಕ ಬೈಕ್ ನಿಲ್ಲಿಸಿ ಬದುವಿನ ಮ್ಯಾಲೆ ನಡಕೋತ ಹೋಗಬೇಕು. ನಡುವ ಒಂದು ಹಳೇ ಬಾವಿ. ಬೋರು ಹಾಕಿಸಿದ ಮ್ಯಾಲೆ ಅದರ ನೀರು ಯಾರೂ ಮುಟ್ಟಂಗಿಲ್ಲ.

ಸಮ್ರಾಟ್ ಸುಮ್ಕಿರತಾನೇನು? ಅಪ್ಪ ಕೆಲಸದಿಂದ ತಂದುಕೊಟ್ಟ ಹಿತ್ತಾಳಿ ಬಟನ್ ಕಿಸೆ ತುಂಬ ಇದ್ದವು. ಒಂದೊಂದ ಬಾವ್ಯಾಗ ಒಗೆದ. ಕಲ್ಲಿಗೆ ಬಡದು ಟಣ್... ಆಮ್ಯಾಲೆ ಗುಳುಂ.

"ಅಪ್ಪಾ, ಬಾವಿ ನುಂಗತೈತಿ ನೋಡು! ಇದರ ಹೊಟ್ಟಿ ಎಷ್ಟು ದೊಡ್ಡದು?"

ವಿರೂಪಮ್ಮ ಬಂದು ಕಿವಿ ಹಿಡಿದು ಈ ಕಡಿ ಎಳಕೊಂಡಳು. ಆಮ್ಯಾಲೆ ಹುಲುಗೇಶನ ಹತ್ರ ಸರದು ಸಣ್ಣ ದನ್ಯಾಗ ಅಂದಳು:

"ಲೇ ಹುಲುಗ, ಇಲ್ಲಿಂದ ಹೋಗುವಾಗ ಹುಡುಗನ್ನ ಹೆಸರು ಹಿಡದು ಕರದು ಕರಕೊಂಡು ಹೋಗು. ಬರೇ 'ಬಾ ಮಗನ' ಅನಬ್ಯಾಡ."

"ಯಾಕಬೇ ದೊಡ್ಡವ್ವ?"

"ಕೇಳಿಸಿಕೊಳ್ಳೋರು ಬ್ಯಾರೆ ಇರತಾರ..."

ಅಷ್ಟು ಹೇಳಿ ಊರಾಗಿನ ಮನಿಗೆ ಹೋದಳು. ಹುಲುಗೇಶ ಆಕಳಿಸಿದ. ಕೇಳಿದ ಮಾತು ಅಲ್ಲೇ ಬಿತ್ತು.

ಟೆಂಟು ಹಾಕಿದರು. ಜೀನ್ಸ್ ಅರಿವಿ ದಪ್ಪ, ಒಳಗ ಒಲಿ ಇದ್ದಂಗ ಸೆಕಿ. ಗಾಳಿಗೆ ಪಟ್... ಪಟ್... ಅಂತ ಬಡಕೋತಿತ್ತು. ಕಿವ್ಯಾಗ ಸೊಳ್ಳಿ ಗುಂಯ್ ಅಂತ.

"ಅಪ್ಪಾ, ಕಪ್ಪಿ ಯಾಕ ವದರತಾವು? ಅಪ್ಪಾ, ಆಕಾಶದಾಗಿನ ಚಿಕ್ಕಿಗೆ ನಿದ್ದಿ ಬರಂಗಿಲ್ಲೇನು? ಅಪ್ಪಾ..."

"ಒಂದೀಟು ಬಾಯಿ ಮುಚ್ಚಲೇ, ಪುಣ್ಯಾ ಬರತೈತಿ."

ನಡುರಾತ್ರಿಗೆ ರಾಗ ಬದಲಾತು. "ಅಪ್ಪಾ... ಅವ್ವ ಬೇಕು. ಮನಿಗೆ ಹೋಗಾಣ."

ಹುಲುಗೇಶ ಬಯ್ಯಲಿಲ್ಲ. ಬಯ್ಯಾಕೂ ಶಕ್ತಿ ಬೇಕಲ್ಲ? ಟೆಂಟು ಅಲ್ಲೇ ಬಿಟ್ಟು, ಚೀಲ ಹೆಗಲಿಗೆ ಹಾಕಿ ಹೊಂಟ. ಫೋನಿನ ಚಾರ್ಜು ಹುಡುಗ ಆಟ ಆಡಿ ಮುಗಿಸಿದ್ದ. ಕಗ್ಗತ್ತಲಿ. ನಾಕು ಹೆಜ್ಜಿ ಬಂದಿದ್ದರೋ ಇಲ್ಲೋ...

"ಅಯ್ಯ, ನನ್ನ ಟೋಪಿ!" ಅಂತ ಹುಡುಗ ತಿರುಗಿ ಓಡಿದ.

ಹುಲುಗೇಶ ನಿಲ್ಲಲಿಲ್ಲ. ಕಣ್ಣು ಅರ್ಧ ಮುಚ್ಚಿದ್ದವು, ಕಾಲು ತಾವ ನಡದಿದ್ದವು. ಬಾವಿ ಹತ್ರ ಬಂದಾಗ, ತಿರುಗಲಾರದ ಕೈ ಹಿಂದಕ್ಕ ಚಾಚಿ ಅಂದ:

"ಬಾರೋ ಮಗನ... ಸಾಕಾತು, ಮನಿಗೆ ಹೋಗಾಣ."

ಚರ್... ಚರ್... ಅಂತ ಹೆಜ್ಜಿ ಸಪ್ಪಳ. ಒಂದು ಸಣ್ಣ ಕೈ ಬಂದು ಅವನ ಕೈಯಾಗ ಕುಂತಿತು.

ನಡದ. ಹುಡುಗ ತುಟಿ ಪಿಟಕ್ ಅನಲಿಲ್ಲ. ಅಬ್ಬಾ, ಇವತ್ತರ ಸುಮ್ಮಾದನಲ್ಲ ಅಂತ ಹುಲುಗೇಶಗ ಜೀವಕ್ಕ ಹಿತ ಆತು. ದೂರ ರೋಡಿನ ಮ್ಯಾಲೆ ಸಿರುಗುಪ್ಪದ ನೆಲ್ಲಿನ ಲಾರಿ ಗೊರ್ರ್ ಅಂತ ಹೋತು. ಆಮ್ಯಾಲೆ ಏನೂ ಇಲ್ಲ. ಕಪ್ಪಿನೂ ವದರವಲ್ಲವು.

"ಟೋಪಿ ಸಿಕ್ತೇನು?"

ಮಾತಿಲ್ಲ.

"ಕಾಲು ನೋಯತಾವೇನಪ್ಪ?"

ಮಾತಿಲ್ಲ... ಕೈ ಮಾತ್ರ ಬಿಗಿ ಆತು.

ಸೂಜಿ ಚುಚ್ಚುವಾಗಲೂ ನರ್ಸಮ್ಮನ ಜೊತಿ ಹರಟಿ ಹೊಡಿಯೋ ಹುಡುಗ. ಮಾತಾಡವಲ್ಲ? ಜಡ್ಡುಗಟ್ಟಿದ ಬೆರಳಿಗೆ ಆಗ ತಿಳೀತು, ಕೈ ತಣ್ಣಗ ಐತಿ. ಹಸಿ ಐತಿ...

ಹಿಂದ, ಬಾಳ ಹಿಂದ, ಟೆಂಟಿನ ಕಡಿಂದ:

"ಅಪ್ಪಾ! ಟೋಪಿ ಸಿಕ್ತು! ಎಲ್ಲಿ ಅದೀ?"

ಹುಲುಗೇಶ ನಿಂತುಬಿಟ್ಟ. ಕೆಳಗ ನೋಡಲಿಲ್ಲ. ಕೈ ಅವನ್ನ ರೋಡಿನ ಕಡಿ ಮೆಲ್ಲಕ ಜಗ್ಗತಿತ್ತು... ಮನಿ ಕಡಿಗೆ. ಝಾಡಿಸಿ ಒಗೀಬೇಕು ಅನಿಸ್ತು. ಆಗಲಿಲ್ಲ. ತನ್ನ ಮಗನ ಕೈಯಷ್ಟ ಇತ್ತು ಅದು, ಅಷ್ಟ ಸಣ್ಣದು.

ಪಿಸುಗುಟ್ಟಿದ: "ನಾ ನಿಮ್ಮಪ್ಪ ಅಲ್ಲಪ್ಪ... ನಿಮ್ಮಪ್ಪ ಬರತಾನ. ಇಲ್ಲೇ ಇರು."

ಕೆಳಗಿಂದ, ಮೊಣಕಾಲಿನ ಹತ್ರದಿಂದ, ಒಂದ ಮಾತು:

"ಯಾವಾಗ?"

ಹುಲುಗೇಶ ಯೋಚನೆ ಮಾಡಲಿಲ್ಲ. ದಿನಾ ಬರೋ ಮಾತು ಬಾಯಿಂದ ತಾನ ಬಂತು.

"ಮುಂದಿನ ಐತಾರ."

ಕೈ ಬಿಟ್ಟಿತು.

"ಸಮ್ರಾಟ್!" ಅಂತ ಕೂಗಿದ ನೋಡ್ರಿ ಆಗ, ಬೆಟ್ಟಕ್ಕ ಬಡದು ಬರೋಹಂಗ. "ಸಮ್ರಾಟ್, ಬಾರಪ್ಪ! ನನ್ನ ಸಮ್ರಾಟ್, ಮನಿಗೆ ಹೋಗಾಣ ಬಾ!" ಓಡಿ ಹೋಗಿ ಎತ್ತಿಕೊಂಡ. "ಯಾಕಪ್ಪಾ ಅಳತಿ? ನನ್ನ ಟೋಪಿ ಮ್ಯಾಲೆ ಯಾಕ ಅಳತಿ?" ಅಂತ ಶುರು ಹಚ್ಚಿದ ಹುಡುಗ. ಬಳ್ಳಾರಿ ಮುಟ್ಟೋತನಕ ಅಪ್ಪಂದು ಒಂದ ಮಾತು: "ಮಾತಾಡಲೇ... ನಿಲ್ಲಿಸಬ್ಯಾಡ, ಮಾತಾಡು."

ಮುಂದಿನ ಐತಾರ ದೊಡ್ಡವ್ವನ ಫೋನು ಬಂತು. "ಲೇ, ನಿನ್ನ ಟೆಂಟು ಯಾವಾಗ ಬಾವಿ ದಂಡಿಗೆ ತಂದು ಹಾಕಿದಿ?"

ಹುಲುಗೇಶ ಹಾಕಿರಲಿಲ್ಲ. ಅವನೊಬ್ಬನ್ನ ಕಳಸಾಕ ನೇತ್ರಾಗ ಧೈರ್ಯ ಬರಲಿಲ್ಲ. ಆಟೋ ಮಾಡಿಕೊಂಡು ನಾನೂ ಜೊತಿಗೆ ಹೋದೆ. ಸುಳ್ಳು ಹೇಳಿ ಈ ವಯಸ್ಸಿನಾಗ ನನಗೇನು ಸಿಗಬೇಕೈತಿ? ಈ ಕಣ್ಣಿಲೆ ನೋಡೀನಿ. ಬಾವಿ ದಂಡಿಗೆ ನೀಟಾಗಿ ನಿಂತಿತ್ತು ಟೆಂಟು, ಬಾಗಿಲು ರೋಡಿನ ಕಡಿ ಮಾರಿ ಮಾಡಿ. ಅದನ್ನ ಬಿಚ್ಚಾಕ ನಮಗ ಮನಸ್ಸು ಬರಲಿಲ್ಲ.

ನಡುಮಧ್ಯಾಹ್ನದ ಬಿಸಿಲು. ಬಾಗಿಲಾಗ ಹಿತ್ತಾಳಿ ಬಟನ್ ಸಾಲು ಹಿಡಿದು ಜೋಡಿಸಿದ್ದವು. ಒಂದನ್ನ ಕೈಯಾಗ ತಗೊಂಡೆ.

ಹಸಿ ಇತ್ತು.