ವಾಸನೆ ಹೋದ ಟ್ಯಾಂಕು

ದೀಪ ಸಣ್ಣದು ಮಾಡಿ, ಹೇಳ್ತೀನಿ. ನನ್ನ ಸೋದರತ್ತೆ ಮಗ ದುರುಗೇಶನಿಗೆ ಆದದ್ದಿದು, ಕಟ್ಟುಕತೆಯಲ್ಲ.

ಹಡಗಲಿ ಕಡೆ ಒಂದು ಸ್ಪಿರಿಟ್ ಫ್ಯಾಕ್ಟರಿಯಲ್ಲಿ ಕೊಳೆನೀರಿನ ಟ್ಯಾಂಕು ನೋಡಿಕೊಳ್ಳುವವನು ಅವನು. ಬಾಯಿ ಮುಚ್ಚಿದ ಟ್ಯಾಂಕು. ಸೆಗಣಿ ಬಗ್ಗಡ ಸುರಿದು ಒಳಗೆ ಕಣ್ಣಿಗೆ ಕಾಣದ ಜೀವಾಣು ಸಾಕಿರುತ್ತಾರೆ. ಅವು ಕೊಳೆ ತಿಂದು ಗ್ಯಾಸು ಬಿಡುತ್ತವೆ. ಗಾಳಿ ತಾಗಿದರೆ ಅವು ಸಾಯುತ್ತವೆ. ಅವುಗಳ ಮನೆಗೆ ಹೊಕ್ಕರೆ ನಾವು ಸಾಯುತ್ತೇವೆ.

ಅವತ್ತು ಪಾಳಿ ಮುಗಿಸಿ ನಡುರಾತ್ರಿ ಒಬ್ಬನೇ ನಡೆದು ಬರುತ್ತಿದ್ದ. ದೊಡ್ಡಬೀರಪ್ಪನ ಬಾವಿ ಹತ್ತಿರ ಬಂದ. ನಾಲ್ಕು ವರ್ಷದಿಂದ ಹನಿ ನೀರಿಲ್ಲದ ಬಾವಿ. ಒಳಗಿಂದ ಸದ್ದು... ಗುಳು... ಗುಳುಗುಳು... ಥೇಟ್ ಟ್ಯಾಂಕಿನದೇ. ಆಮೇಲೆ ಕಬ್ಬಿಣದ ಏಣಿಗೆ ಕಾಲಿಟ್ಟ ಹಾಗೆ, ಠಣ್...

"ದುರುಗೇಶಣ್ಣ... ವಾಸನಿ ಹೋತೇನು? ಇಳೀಲೇನು?"

ಜೊತೆಗೆ ಕೆಲಸ ಮಾಡುತ್ತಿದ್ದ ಮೈಲಾರೇಶನ ದನಿ. ಅವನು ಸತ್ತು ಇಪ್ಪತ್ತೊಂದು ದಿನವಾಗಿತ್ತು.

ಟ್ಯಾಂಕು ತೊಳೆಯಲು ಮುಚ್ಚಳ ತೆಗೆದ ದಿನ ಕೊಳೆತ ಮೊಟ್ಟೆಯ ನಾತ. ಬಾಯಿ ಹತ್ತಿರವೇ ಕೂತಿದ್ದ ದುರುಗೇಶನಿಗೆ ಸ್ವಲ್ಪ ಹೊತ್ತಿಗೆ ನಾತ ನಿಂತಿತು. "ವಾಸನಿ ಹೋತು, ಇಳಿ ತಮ್ಮಾ" ಅಂದ. ಮೈಲಾರೇಶ ಇಳಿದ, ಮೇಲೆ ಬರಲಿಲ್ಲ. ಹೋದದ್ದು ವಾಸನೆಯಲ್ಲ, ಇವನ ಮೂಗು. ಆ ಗ್ಯಾಸು ಮೊದಲು ಮೂಗನ್ನೇ ಕೊಲ್ಲುತ್ತದಂತೆ. ಫ್ಯಾಕ್ಟರಿಯವರು ಇದನ್ನು ಹೇಳಿಕೊಟ್ಟದ್ದು ಹೆಣ ಎತ್ತಿದ ಮೇಲೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಕಾಗದದಲ್ಲಿ ಮಾತ್ರ 'ಕುಡಿದು ತಾನೇ ಬಿದ್ದ' ಅಂತ ಬರೆದರು. ದುರುಗೇಶ ಸಾಕ್ಷಿಯಾಗಿ ಸಹಿ ಹಾಕಿದ. ಕೆಲಸ ಉಳಿಯಬೇಕಲ್ಲ... ಥೂ.

ಬಾವಿಯೊಳಗೆ ಮತ್ತೆ ಠಣ್... ಒಂದು ಮೆಟ್ಟಿಲು ಕೆಳಗೆ.

"ಇಳೀಲೇನಣ್ಣ?"

"ಇಳಿಬ್ಯಾಡೋ... ಇಳಿಬ್ಯಾಡ..." ಅನ್ನುತ್ತ ಓಡಿದ. ತನ್ನ ಮನೆಗಲ್ಲ, ಮೈಲಾರೇಶನ ತಾಯಿ ಎರ್ರೆಮ್ಮನ ಮನೆಗೆ. ಬಾಗಿಲು ತೆರೆದೇ ಇತ್ತು.

"ಯವ್ವಾ, ಅವ ಕುಡಿದಿದ್ದಿಲ್ಲ... ಇಳಿ ಅಂದಾವ ನಾನು."

ಮುದುಕಿ ಅಳಲಿಲ್ಲ. "ದಿನಾ ರಾತ್ರಿ ಬಂದು ಇದನ್ನ ಹೇಳ್ತಿ. ನಾ ಕೇಳಿ ಏನ್ ಮಾಡ್ಲಪ್ಪಾ? ಸಹಿ ಹಾಕಿದಲ್ಲಿ ಹೋಗಿ ಹೇಳು."

ಮಣ್ಣು ಮಾಡಿದ ಮೇಲೆ ದುರುಗೇಶ ಆ ಹೊಸ್ತಿಲು ತುಳಿದದ್ದು ಅವತ್ತೇ ಮೊದಲು.

"ನಿನ್ನೆ ಮರತು ಹೋಗಿದ್ದಿ" ಅಂತ ಗೂಟದಿಂದ ಒಂದು ಟವೆಲ್ ತೆಗೆದು ಕೊಟ್ಟಳು. ಮೂಲೆಯಲ್ಲಿ ಬೀಡಿ ಸುಟ್ಟ ತೂತು. ಇವನ ಹೆಗಲ ಮೇಲಿದ್ದ ಟವೆಲಿಗೂ ಅದೇ ಮೂಲೆ, ಅದೇ ತೂತು.

ಸಹಿ ಇನ್ನೂ ಹಾಗೇ ಇದೆ. ಅವನು ಹೋಗಿ ಹೇಳಿಲ್ಲ. ಟವೆಲ್ ಎರಡೂ ಅವನ ಮನೆಯಲ್ಲೇ ಇವೆ... ನಾನೇ ಒಂದರ ಮೇಲೊಂದು ಇಟ್ಟು ನೋಡಿದ್ದೇನೆ.